ಐದನೆಯ ಸಾಲಿನ ವಾಕ್ಯ

ಎದುರಿಗೆ ಕುಳಿತು ಮಾತಾಡುವ ಮನುಷ್ಯ ನನ್ನ ಮುಖ ಬಿಟ್ಟು ನನ್ನ ಬೆನ್ನ ಹಿಂದಿನ ಗೋಡೆಯ ಕಡೆ ಕಣ್ಣು ಹಾಯಿಸಿದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ತಿರುಗಿ ನೋಡುತ್ತೇನೆ. ಅಲ್ಲಿ ಹಲ್ಲಿ ಇರುತ್ತದೆ, ಇಲ್ಲವೆ ಬರಿಯ ಸುಣ್ಣ. ಎರಡು ವರ್ಷವಾಯಿತು. ಸರ್ಕಾರ ಬದಲಾಗಿದೆ, ಅಫಜಲಪುರದ ಠಾಣೆಯ ಮೇಲೆ ಬೇರೆ ಬಾವುಟ ಹಾರುತ್ತಿದೆ. ನನ್ನ ಕೈಗೆ ಮಾತ್ರ ಆ ಸುದ್ದಿ ಮುಟ್ಟಿಲ್ಲ.

ಹೋದ ತಿಂಗಳು ಯಡ್ರಾಮಿಯಿಂದ ಒಂದು ಕಾರ್ಡು ಬಂತು. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರು ತೀರಿಕೊಂಡರೆಂದು ಅವರ ತಮ್ಮ ಬರೆದಿದ್ದರು. ಮೂರೇ ವಾಕ್ಯ. ಯಾವ ದಿನ, ಯಾವ ಬೇನೆ, ಕೊನೆಗೆ ನೀರು ಕೇಳಿದರು ಎಂಬುದು. ಪುಣ್ಯಾತ್ಮರು, ಸಜ್ಜನರು ಎಂಬ ಒಂದು ಮಾತೂ ಇರಲಿಲ್ಲ. ಅಣ್ಣನ ಚಾಳಿ ತಮ್ಮನಿಗೂ ಹತ್ತಿತ್ತೆಂದು ಕಾಣುತ್ತದೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದು ಗೋಡೆಗೆ ಹಚ್ಚಿದರೆ ಏನಾಗುತ್ತದೆಂದು ಕಣ್ಣಾರೆ ನೋಡಿದ್ದೇನೆ. ಮುಂದೆ ಬರುವ ಹುಡುಗಿಯನ್ನು ಶರಣಮ್ಮ ಎಂದು ಕರೆದಿದ್ದೇನೆ. ಅದೂ ಆಕೆಯ ನಿಜವಾದ ಹೆಸರಲ್ಲ. ಇಷ್ಟು ಸಣ್ಣ ಸುಳ್ಳನ್ನೂ ಮಾಸ್ತರರು ಒಪ್ಪುತ್ತಿರಲಿಲ್ಲ. "ಖರೇನು?" ಎಂದು ಕೇಳುತ್ತಿದ್ದರು.

ಆ ಪ್ರಶ್ನೆ ಅವರ ಬಾಯಲ್ಲಿ ಸದಾ ಇರುತ್ತಿತ್ತು. ಬಜಾರದಲ್ಲಿ ಯಾರಾದರೂ "ಮಾಸ್ತರ್ರ, ಆರಾಮ ಅದೀರಿ?" ಎಂದರೆ ಉಳಿದವರಂತೆ ಹೂಂ ಎಂದು ಮುಂದೆ ಹೋಗುವವರಲ್ಲ. ನಿಂತು, ಒಂದು ಕ್ಷಣ ಮೈಯನ್ನೆಲ್ಲ ಒಳಗಿನಿಂದ ನೋಡಿಕೊಂಡವರಂತೆ ಸುಮ್ಮನಿದ್ದು, "ಎಡಗಾಲು ಆರಾಮ ಇಲ್ಲ. ಉಳದದ್ದು ಆರಾಮ ಅದ" ಎನ್ನುತ್ತಿದ್ದರು. ಒಮ್ಮೆ ನಮ್ಮ ಶಾಲೆಯ ಲೆಕ್ಕದ ಮಾಸ್ತರರ ಮಗನ ಬಗ್ಗೆ ಹೆಣ್ಣಿನ ಕಡೆಯವರು ಇವರನ್ನು ವಿಚಾರಿಸಿದರು. "ಹುಡುಗ ಭಾಳ ಒಳ್ಳೇವ. ಮ್ಯಾಟ್ರಿಕ್ ಎರಡು ಸಲ ನಪಾಸ ಆಗ್ಯಾನ. ಮೂರನೇ ಸಲ ಕೂತಿಲ್ಲ" ಎಂದರು. ಮದುವೆಯಂತೂ ಆಯಿತು. ಲೆಕ್ಕದ ಮಾಸ್ತರರು ಮಾತ್ರ ಒಂದು ವರ್ಷ ಇವರ ಜೊತೆ ಚಹಾ ಕುಡಿಯಲಿಲ್ಲ.

ಗಿಡ್ಡ ಆಳು. ಬಿಳಿ ರುಮಾಲು, ಮೊಣಕೈಯಲ್ಲಿ ಸವೆದ ಕರಿ ಕೋಟು, ಬಾಯಲ್ಲೊಂದು ಲವಂಗ. ಹೊಸ ಸೀಮೆಸುಣ್ಣವನ್ನು ಮೊದಲು ಎರಡು ತುಂಡು ಮಾಡಿಕೊಂಡೇ ಬರೆಯುತ್ತಿದ್ದರು. ಇಡಿಯದು ಹಲಗೆಯ ಮೇಲೆ ಕಿರುಗುಟ್ಟುತ್ತದೆ, ಹುಡುಗರ ಲಕ್ಷ್ಯ ಹೋಗುತ್ತದೆ ಎಂದು. ಹೆಂಡತಿ ಎಂದೋ ತೀರಿಹೋಗಿದ್ದರು. ಒಂದೇ ಖೋಲಿಯಲ್ಲಿ ಇದ್ದುಕೊಂಡು, ತಾವೇ ರೊಟ್ಟಿ ಬಡಿದುಕೊಳ್ಳುತ್ತಿದ್ದರು. ಬಡಿದ ರೊಟ್ಟಿ ದುಂಡಗಿರುವುದಿಲ್ಲವೆಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು.

ನಾನು ಆಳಂದ ತಾಲೂಕಿನ ಸರಸಂಬಾದವನು. ಗುಲಬರ್ಗಾದಲ್ಲಿ ಇಂಟರ್ ಮುಗಿಸಿ, ಅವರ ಕೈಕೆಳಗೆ ಸಹಾಯಕನಾಗಿ ಅಫಜಲಪುರದ ಶಾಲೆಗೆ ಬಂದೆ. ಕಾಲೇಜಿನಲ್ಲಿ ಓದಿದವನೆಂಬ ಸೊಕ್ಕಿತ್ತು. ಅವರ ಪಾಠವನ್ನು ಮೊದಲ ಸಲ ಕೇಳಿದ ದಿನ ಅದು ಅರ್ಧ ಇಳಿಯಿತು. ನಮ್ಮ ಹುಡುಗರಿಗೆ ಮನೆಯಲ್ಲಿ ಕನ್ನಡ, ಉಳಿದ ಪಾಠಗಳೆಲ್ಲ ಉರ್ದುವಿನಲ್ಲಿ, ಇವರ ತಾಸಿನಲ್ಲಿ ಇಂಗ್ಲಿಷ್. ಆ ದಿನ ಅವರು ಕಲಿಸುತ್ತಿದ್ದದ್ದು 'ಪುಟ್ ಅಪ್' ಎಂಬ ಜೋಡಿ ಶಬ್ದವನ್ನು.

"ಇದಕ್ಕ ಐದು ಅರ್ಥ ಅದಾವ ಅಂದ್ರ ಯಾಕ ಅಂಜತೀರಿ?" ಎಂದು ಶುರು ಮಾಡಿದರು. "ನಿಮ್ಮವ್ವ ದೀಪ ಹಚ್ಚತಾಳ. ತಲಿಗಿ ಎಣ್ಣಿ ಹಚ್ಚತಾಳ. ರಾತ್ರಿ ಮಲಗೂಮುಂದ ಬಾಗಲಾ ಹಚ್ಚತಾಳ. ನಿಮ್ಮಪ್ಪ ಹೊಲದಾಗ ಗಿಡಾ ಹಚ್ಚತಾನ. ನಿನ್ನ ಸಾಲಿಗಿ ಹಚ್ಯಾನ. ಎಂದಾದ್ರೂ ದೀಪದ ಬದ್ಲಿ ಬಾಗಲಕ್ಕ ಬೆಂಕಿ ಹಚ್ಚೀಯೇನಲೇ?"

ಹುಡುಗರು ನಕ್ಕರು.

"ಯಾಕ ಹಚ್ಚಲಿಲ್ಲ? ಮುಂದಿನ ಶಬ್ದ ನೋಡಿ ಅರ್ಥ ಹಿಡದಿ. ಇಂಗ್ರೇಜಿ ಮಂದೀನೂ ಹಂಗ ಮಾಡ್ತಾರ. ಅವರಿಗೇನು ನಾಕು ಕಣ್ಣಿಲ್ಲ."

ಐದು ಅರ್ಥಗಳನ್ನು ಹಲಗೆಯ ಮೇಲೆ ಬರೆದರು. ಮೇಲೆತ್ತುವುದು. ಕಟ್ಟಿ ನಿಲ್ಲಿಸುವುದು. ಸಹಿಸಿಕೊಳ್ಳುವುದು. ಗೋಡೆಗೆ ಹಚ್ಚುವುದು. ಒಬ್ಬರ ಮನೆಯಲ್ಲಿ ಇಳಿದುಕೊಳ್ಳುವುದು. ಪ್ರತಿಯೊಂದಕ್ಕೂ ಹುಡುಗರು ಮನೆಯಿಂದ ಒಂದು ವಾಕ್ಯ ತರಬೇಕು. ಕರಾರು ಒಂದೇ: ವಾಕ್ಯ ಖರೆ ಇರಬೇಕು. ಪುಸ್ತಕದ ವಾಕ್ಯ ನಡೆಯುವುದಿಲ್ಲ, ಹುಟ್ಟಿಸಿದ ವಾಕ್ಯ ನಡೆಯುವುದಿಲ್ಲ.

ಯಾಕೆಂದು ನಾನು ಕೇಳಿದ್ದೆ. "ಹುಟ್ಟಿಸಿದ ವಾಕ್ಯ ನಾಳೆ ಮರ್ತು ಹೋಗ್ತದ ತಮ್ಮಾ. ತನ್ನ ಮನಿ ಎಮ್ಮಿ ಬಗ್ಗೆ ಬರದಾ ಅಂದ್ರ ಆ ಎಮ್ಮಿ ಇರೂತನಕ ಅಂವನ ಇಂಗ್ಲಿಷ್ ಇರ್ತದ" ಎಂದರು.

ವಾರದ ಕೊನೆಗೆ, ಅಂದರೆ ಗುರುವಾರ ಸಂಜೆ (ನಮಗೆ ಶುಕ್ರವಾರ ರಜೆ), ಒಳ್ಳೆಯ ವಾಕ್ಯಗಳನ್ನು ದೊಡ್ಡ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಬರೆದವರ ಹೆಸರು ಹಾಕಿ, ಶಾಲೆಯ ಪಡಸಾಲೆಯ ಗೋಡೆಗೆ ಗೋಧಿಹಿಟ್ಟಿನ ಅಂಟಿನಿಂದ ಹಚ್ಚುವುದು ಪದ್ಧತಿ. ಹೆಸರು ಗೋಡೆಗೆ ಬಂದರೆ ಹುಡುಗನಿಗೆ ಹಬ್ಬ. ಓದು ಬರದ ತಂದೆಯನ್ನು ಕರೆತಂದು ಬೆರಳಿಟ್ಟು ತೋರಿಸುತ್ತಿದ್ದರು.

ಖರೆಯೋ ಅಲ್ಲವೋ ಎಂದು ಅವರು ಸ್ವತಃ ಹೋಗಿ ನೋಡಿಕೊಂಡು ಬರುತ್ತಿದ್ದದ್ದೂ ಉಂಟು. ಬಹಳ ವರ್ಷಗಳ ಹಿಂದೆ ಜೇವರ್ಗಿಯ ಶಾಲೆಯಲ್ಲಿದ್ದಾಗ ಒಬ್ಬ ಹುಡುಗ, ನಮ್ಮಪ್ಪ ಎರಡು ಮಾಳಿಗೆಯ ಮನೆ ಕಟ್ಟಿಸಿದ್ದಾನೆ ಎಂದು ಬರೆದಿದ್ದನಂತೆ. ರಜೆಯ ದಿನ ಇವರು ಹೋಗಿ ನೋಡಿದರೆ ಒಂದೇ ಖೋಲಿ, ಅದರ ಮಣ್ಣಿನ ಮೇಲ್ಮುದ್ದೆ ಸೋರುತ್ತಿತ್ತು. ಮರುದಿನ ಅವನ ಟೊಪ್ಪಿಗೆ ತೆಗೆಸಿ, ಅಂಗಳದ ಬಿಸಿಲಲ್ಲಿ ನಿಲ್ಲಿಸಿದರು. ಖರೆ ವಾಕ್ಯ ಹೇಳುವವರೆಗೆ ನೆರಳಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಡುಗ, "ನಮ್ಮ ಮನಿ ಸೋರ್ತದ" ಎಂದ. ಕೂಡು ಎಂದರು.

ಇದನ್ನು ನನಗೆ ಹೇಳಿದವರು ಅವರೇ. ಕೊನೆಗೆ ಸ್ವಲ್ಪ ಹೊತ್ತು ಲವಂಗ ಕಡಿಯುತ್ತ ಕುಳಿತು, "ಅಂವ ಅಳ್ಳಿಲ್ಲ ತಮ್ಮಾ. ಅತ್ತಿದ್ರ ಆಗ್ತಿತ್ತು. ಸುಮ್ಮ ನನ್ನ ನೋಡಿಕೋತ ನಿಂತಿದ್ದ" ಎಂದರು.

ಆ ಹುಡುಗ ಈಗ ನಮ್ಮ ಊರಿನ ಪೊಲೀಸ್ ಠಾಣೆಗೆ ಮುಖ್ಯಸ್ಥನಾಗಿ, ಅಮೀನ ಸಾಹೇಬನಾಗಿ ಬಂದಿದ್ದ.

ಅದು ನಮ್ಮ ಸೀಮೆ ಇನ್ನೂ ಹೈದರಾಬಾದ್ ಆಳಿಕೆಯಲ್ಲಿದ್ದ ಕೊನೆಯ ವರ್ಷ. ಭೀಮಾ ಹೊಳೆ ಗಡಿ. ಆಚೆ ದಂಡೆಯಲ್ಲಿ ಆಗಲೇ ಬೇರೆ ರಾಜ್ಯ, ಬೇರೆ ಕಾಲ. ಈಚೆ ನಾವು ದನಿ ತಗ್ಗಿಸಿ ಮಾತಾಡುವುದನ್ನು ಕಲಿತಿದ್ದೆವು. ಸಂಸಾರ ಸಮೇತ ಹೊಳೆ ದಾಟಿ ಹೋದವರಿದ್ದರು. ಹೈದರಾಬಾದ್ ಸರ್ಕಾರದ ವಿರುದ್ಧ ಹೋರಾಡಲು ಆಚೆ ಬೀಡು ಬಿಟ್ಟು, ಗುಟ್ಟಾಗಿ ಈಚೆ ಬಂದು, ಎರಡು ದಿನ ಯಾರದೋ ಹೊಲದಲ್ಲಿ ಇದ್ದು ಹೋಗುವ ತರುಣರೂ ಇದ್ದರು. ಅಂಥವರಿಗೆ ಜಾಗ ಕೊಟ್ಟವರ ಮನೆ ಉಳಿಯುತ್ತಿರಲಿಲ್ಲ. ಅಮೀನ ಸಾಹೇಬ ಹಿಂದಿನ ವಾರವಷ್ಟೇ ಬಜಾರದ ಒಬ್ಬ ಕಿರಾಣಿಯವನನ್ನು, "ಬರ್ರಿ ಸೇಠಜೀ, ಚಹಾ ಕುಡಿಯೋಣು" ಎಂದು ನಗುನಗುತ್ತ ಕರೆದುಕೊಂಡು ಹೋಗಿದ್ದ. ಆ ಅಂಗಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ.

ಇಂಥ ದಿನಗಳಲ್ಲಿ, ಆ ವರ್ಷದ ಹುಡುಗರ ಪುಟ್ ಅಪ್ ಹಾಳೆ ಎರಡು ವಾರದಿಂದ ಅರೆಬರೆ ಉಳಿದಿತ್ತು. ನಾಲ್ಕು ಸಾಲು ತುಂಬಿದ್ದವು. ಐದನೆಯದು, ಇಳಿದುಕೊಳ್ಳುವ ಅರ್ಥದ್ದು, ಖಾಲಿ. ನಮ್ಮ ಹುಡುಗರಿಗೆ ಲಾಡ್ಜು ಗೊತ್ತಿಲ್ಲ. ಮನೆಗೆ ಬಂದ ಬೀಗರು ಬೆಳಗಾಗುವುದರೊಳಗೆ ಹೋಗುತ್ತಿದ್ದ ಕಾಲ ಅದು. "ಖರೇ ವಾಕ್ಯ ಸಿಗೂತನಕ ಖಾಲಿ ಇರ್ಲಿ" ಎಂದು ಹೇಳಿ ಮಾಸ್ತರರು ಬುಧವಾರ ಯಾವುದೋ ಮನೆಗೆಲಸಕ್ಕೆ ಯಡ್ರಾಮಿಗೆ ಹೋದರು. ಹೆಡ್‌ಮಾಸ್ತರರು ರಜೆ ಹಾಕಿ ಗುಲಬರ್ಗಾ ಸೇರಿ ತಿಂಗಳಾಗಿತ್ತು. ಇಂಗ್ಲಿಷಿನ ಮಟ್ಟಿಗೆ ನಾನೇ ಧಣಿ.

ಗುರುವಾರ ಏಳನೆಯ ತರಗತಿಯ ನೋಟುಬುಕ್ಕುಗಳನ್ನು ತಿದ್ದುತ್ತ ಕುಳಿತಿದ್ದೆ. ಆ ತರಗತಿಯಲ್ಲಿ ಒಬ್ಬಳೇ ಹುಡುಗಿ, ಶರಣಮ್ಮ. ಊರಿಂದ ಅರ್ಧ ಹರದಾರಿ ದೂರದ ಹೊಲದ ಮನೆಯವಳು. ಮಾಸ್ತರರೇ ಆಕೆಯ ತಂದೆಯ ಬೆನ್ನು ಹತ್ತಿ ಶಾಲೆಗೆ ಹಾಕಿಸಿದ್ದರು. ಐದನೆಯ ಅರ್ಥಕ್ಕೆ ಆಕೆ ಹೀಗೆ ಬರೆದಿದ್ದಳು: ಹೊಳೆಯಾಚೆಯ ಮೂವರು ನಮ್ಮ ದನದ ಕೊಟ್ಟಿಗೆಯಲ್ಲಿ ಇಳಿದುಕೊಂಡಿದ್ದಾರೆ.

ಕ್ರಿಯಾಪದದಲ್ಲಿ ಒಂದು ಸಣ್ಣ ತಪ್ಪಿತ್ತು. ಕೆಂಪು ಶಾಯಿಯಲ್ಲಿ ತಿದ್ದಿದೆ. 'ಭೇಷ್' ಎಂದು ಬರೆದೆ.

ಇದನ್ನು ಯಾರಿಗೆ ಹೇಗೆ ವಿವರಿಸಲಿ? ನಾನು ಕುರುಡನಲ್ಲ. ಆ ಕಿರಾಣಿಯವನ ಮುಚ್ಚಿದ ಅಂಗಡಿಯ ಮುಂದಿನಿಂದಲೇ ದಿನಾ ಶಾಲೆಗೆ ಬರುತ್ತಿದ್ದೆ. ಆದರೆ ಕೆಂಪು ಶಾಯಿ ಕೈಯಲ್ಲಿದ್ದಾಗ ನನಗೆ ವಾಕ್ಯ ಕಾಣುತ್ತಿತ್ತು, ವಾಕ್ಯದೊಳಗಿನ ಮನುಷ್ಯರು ಕಾಣುತ್ತಿರಲಿಲ್ಲ. ಖಾಲಿ ಸಾಲು ತುಂಬಿತಲ್ಲ ಎಂಬ ಹಿಗ್ಗು. ಮಾಸ್ತರರು ಬಂದು ನೋಡಿ ಮೆಚ್ಚುತ್ತಾರೆಂಬ ಆಸೆ. ನನ್ನ ದಪ್ಪ ಅಕ್ಷರಗಳಿಂದ ಹಾಳೆ ಮುಗಿಸಿ, ಕೆಳಗೆ ಶರಣಮ್ಮನ ಹೆಸರು, ಆಕೆಯ ತಂದೆಯ ಹೆಸರು ಬರೆದು, ಅಂಟು ಬಳಿದು, ಅಂಗೈಯಿಂದ ಒತ್ತಿ ಒತ್ತಿ ಹಚ್ಚಿದೆ. ಸುಕ್ಕು ಉಳಿಯಬಾರದೆಂದು ಎರಡು ಸಲ ಒತ್ತಿದೆ.

ಶುಕ್ರವಾರವೆಲ್ಲ ಅದು ಗೋಡೆಯ ಮೇಲೆ ಇತ್ತು. ಶುಕ್ರವಾರ ಯಾರು ಯಾರು ಆ ಪಡಸಾಲೆ ಹಾದು ಹೋದರೋ ನನಗೆ ಗೊತ್ತಿಲ್ಲ. ರಾತ್ರಿ ನಿದ್ದೆ ಬಾರದಾಗ ಅವರನ್ನು ಒಬ್ಬೊಬ್ಬರನ್ನಾಗಿ ಕಲ್ಪಿಸಿಕೊಳ್ಳುತ್ತೇನೆ.

ಶನಿವಾರ ಮೊದಲ ತಾಸಿಗೇ ಅಮೀನ ಸಾಹೇಬ ಇಬ್ಬರು ಸಿಪಾಯಿಗಳೊಂದಿಗೆ ಬಂದ. ಶಾಲೆಗೆ ಬಾರದಿರುವ ಮಕ್ಕಳ ಹೆಸರು ಬೇಕಾಗಿತ್ತು; ಯಾವ ಮನೆಯವರು ಹೊಳೆ ದಾಟಿದ್ದಾರೆಂದು ತಿಳಿಯಲು. ಬಿಸಿಲೆಂದು ನಾನೇ ಕುರ್ಚಿ ತಂದು ಪಡಸಾಲೆಯ ನೆರಳಿನಲ್ಲಿ ಹಾಕಿದೆ. ಹಾಳೆಯ ಕೆಳಗೆ. ಅವನು ಗೋಡೆಗೆ ಬೆನ್ನು ಕೊಟ್ಟು ಕುಳಿತ. ನನ್ನ ಅಕ್ಷರ ಅವನ ಕಣ್ಣಿಗೆ ಬೀಳಲಿ ಎಂದು ನಾನು ಬಯಸಿದ್ದೂ ಉಂಟು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಖರೆ.

ಅಷ್ಟರಲ್ಲಿ ಮಾಸ್ತರರು ಬಂದರು. ಯಡ್ರಾಮಿಯಿಂದ ತಿರುಗಿ, ಜೇವರ್ಗಿಯ ಕಡೆಯಿಂದ ನಸುಕಿಗೇ ಬಿಟ್ಟು ಬಂದವರು, ಕೋಟಿನ ತುಂಬ ಧೂಳು. ಅಂಗಳ ದಾಟಿ ಪಡಸಾಲೆಯ ಮೆಟ್ಟಿಲ ಮೇಲೆ ಕಾಲಿಟ್ಟು, ಅಮೀನನನ್ನು ನೋಡಿದರು. ಆಮೇಲೆ ಅವನ ತಲೆಯ ಮೇಲೆ ನೋಡಿದರು.

"ಅಸ್ಸಲಾಂ ಉಸ್ತಾದ್ರೇ!" ಎಂದು ಅಮೀನ ಏಳಹೋದ. ಮಾಸ್ತರರು ಎರಡೇ ಹೆಜ್ಜೆಯಲ್ಲಿ ಮುಂದೆ ಬಂದು ಅವನ ಎರಡೂ ಭುಜದ ಮೇಲೆ ಕೈಯಿಟ್ಟು ಕೂಡಿಸಿದರು.

"ಕೂಡ್ರಿ, ಕೂಡ್ರಿ. ಏಳಬ್ಯಾಡ್ರಿ."

ಅವರು ಯಾರನ್ನೂ ಮುಟ್ಟಿ ಮಾತಾಡಿಸಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ದಿನದ ದನಿಯಲ್ಲೇ, "ತಮ್ಮಾ, ಶರಣಮ್ಮಗ ಜ್ವರ ಬಂದಾವ. ಮನೀಗಿ ಕಳಸು ಅಕಿನ್ನ. ಈಗ" ಎಂದರು.

"ಈಗರೇ ಬಂದೀರಿ ಉಸ್ತಾದ್ರೇ," ಅಮೀನ ನಕ್ಕ. "ಹುಡುಗಿ ಜ್ವರ ನಿಮಗ ಹ್ಯಾಂಗ ತಿಳೀತು?"

"ದಾರ್ಯಾಗ ಅವರಪ್ಪ ಸಿಕ್ಕಿದ್ದ."

ಶರಣಮ್ಮನ ಹೊಲ ಮಣ್ಣೂರಿನ ದಾರಿಗೆ. ಮಾಸ್ತರರು ಬಂದದ್ದು ಜೇವರ್ಗಿಯ ದಾರಿಯಿಂದ. ಒಂದು ನಿಮಿಷದಲ್ಲಿ ಆ ಬಾಯಿಂದ ಎರಡು ಸುಳ್ಳು. ಬೆರಗಾಗಿ ಅವರ ಮುಖ ನೋಡಿದೆ. ಕಣ್ಣು ಗೋಡೆಯ ಮೇಲಿದ್ದವು. ನಾನೂ ಆ ಕಡೆ ತಲೆ ಎತ್ತಹೋದೆ. "ಹೋಗು ತಮ್ಮಾ" ಎಂದರು. ಆಗ ತಿಳಿಯಿತು.

ತರಗತಿಗೆ ಹೇಗೆ ಹೋದೆನೋ. ಶರಣಮ್ಮನನ್ನು ಹಿಂದಿನ ಬಾಗಿಲಿಗೆ ಕರೆದೆ.

"ನಿನಗ ಜ್ವರ ಬಂದಾವ. ಮನೀಗಿ ಹೋಗು."

ಆಕೆ ಹಣೆ ಮುಟ್ಟಿ ನೋಡಿಕೊಂಡಳು. "ನನಗೇನೂ ಜ್ವರ ಇಲ್ಲಲ್ರಿ ಸರ್."

"ಅದಾವವ್ವಾ."

"ಇಲ್ರಿ. ಸುಳ್ಳ ಯಾಕ ಹೇಳ್ತೀರಿ? ದೊಡ್ಡ ಸರ್ ಬೈತಾರ್ರಿ."

ಅವರು ಆಕೆಯನ್ನು ಅಷ್ಟು ಚೆನ್ನಾಗಿ ತಯಾರು ಮಾಡಿದ್ದರು. ಪಡಸಾಲೆಯಿಂದ ಅಮೀನನ ನಗು ಕೇಳಿಸುತ್ತಿತ್ತು. ನಾನು ಕುಕ್ಕರಗಾಲಲ್ಲಿ ಕುಳಿತು ಆಕೆಯ ಎರಡೂ ರಟ್ಟೆ ಹಿಡಿದೆ.

"ನಿಮ್ಮ ಕೊಟಗ್ಯಾಗ ಇದ್ದವರ ಬಗ್ಗೆ ಯಾಕ ಬರದಿ ಬೇ?"

"ಯಾರಿಗೂ ಹೇಳಬ್ಯಾಡ ಅಂದಿದ್ಲು ಅವ್ವ. ನಾ ಯಾರಿಗೂ ಹೇಳಿಲ್ರಿ," ಎಂದಳು. ಆಮೇಲೆ, ನನಗೆ ಬುದ್ಧಿ ಹೇಳುವವಳಂತೆ, "ಇಂಗ್ಲಿಷನ್ಯಾಗ ಬರದೀನ್ರಿ. ಇಂಗ್ಲಿಷ್ ಯಾರಿಗಿ ಬರ್ತದ? ನಿಮಗ, ದೊಡ್ಡ ಸರ್‌ಗಿ ಅಷ್ಟ ಅಲ್ರಿ?"

"ಹೊರಗ ಕೂತಾನಲ್ಲ ಅಮೀನ, ಅವಗೂ ಬರ್ತದವ್ವಾ. ಅವಗೂ ದೊಡ್ಡ ಸರೇ ಕಲಿಸ್ಯಾರ."

ಆಕೆ ಪಡಸಾಲೆಯ ಕಡೆ ಒಮ್ಮೆ ನೋಡಿದಳು. ಪಾಟೀಚೀಲ ಅಲ್ಲೇ ಬಿಟ್ಟು, ಹಿಂದಿನ ಬೇಲಿಯ ಸಂದಿಯಿಂದ ಓಡಿದಳು. ಚಪ್ಪಲಿಯೂ ಇರಲಿಲ್ಲ.

ಹಾಜರಿ ಪುಸ್ತಕ ಹಿಡಿದು ಪಡಸಾಲೆಗೆ ಬಂದೆ. ಮಾಸ್ತರರು ಅಮೀನನ ಎದುರಿಗೆ ನಿಂತು ಮಾತಾಡುತ್ತಲೇ ಇದ್ದರು. ಜೇವರ್ಗಿಯ ಹಳೆಯ ಶಾಲೆ, ಯಾರು ಎಲ್ಲಿದ್ದಾರೆ, ಯಾರಿಗೆ ಎಷ್ಟು ಮಕ್ಕಳು. ಅಷ್ಟು ಮಾತು ಅವರ ಬಾಯಲ್ಲಿ ನಾನು ಒಂದು ವರ್ಷದಲ್ಲಿ ಕೇಳಿರಲಿಲ್ಲ. ಚಹಾ ತರಿಸಿದರು. ಮತ್ತೊಂದು ಬಟ್ಟಲು ತರಿಸಿದರು. ಅಮೀನ ಪುಸ್ತಕದಲ್ಲಿ ಬೆರಳಾಡಿಸುತ್ತ ಹೆಸರು ಬರೆದುಕೊಂಡ. ಅವನ ಬೂಟಿನ ತುದಿ ನೆಲಕ್ಕೆ ಟಕ್ ಟಕ್ ಎಂದು ಬಡಿಯುತ್ತಿತ್ತು. ನಾನು ಅದರ ಮೇಲೆ ಶರಣಮ್ಮನ ಹೆಜ್ಜೆ ಎಣಿಸುತ್ತಿದ್ದೆ.

ಕೆಲಸ ಮುಗಿಸಿ, ಪುಸ್ತಕ ಮುಚ್ಚಿ, ಅವನು ಮೈ ಮುರಿದ. "ಉಸ್ತಾದ್ರೇ, ಆ ಗ್ವಾಡಿ ಹಾಳಿ ಈಗೂ ಹಚ್ಚತೀರೇನ್ರಿ?" ಎಂದ. ತಿರುಗಿದ.

ಎದ್ದು ನಿಂತು, ಹಿಂದೆ ಕೈ ಕಟ್ಟಿ, ಗಟ್ಟಿಯಾಗಿ ಓದತೊಡಗಿದ. ಇಂಗ್ಲಿಷಿನಲ್ಲಿ ಒಂದು ಸಲ, ನಮ್ಮ ಮಾತಿನಲ್ಲಿ ಒಂದು ಸಲ, ಹಳೆಯ ವಿದ್ಯಾರ್ಥಿಯ ಹಾಗೆ.

"'ನಮ್ಮ ಕಾಕಾ ತನ್ನ ಛತ್ರಿ ಎತ್ತಿದ್ದು ಮದುವಿ ದಿನ ಅಷ್ಟ.' ವ್ಹಾ! 'ನಮ್ಮಪ್ಪ ಹೊಲದಾಗ ಹಕ್ಕಿ ಓಡಸಾಕ ಅಟ್ಟ ಕಟ್ಯಾನ.' ಸರಿ. 'ನಮ್ಮ ಮುದುಕಿ ಆಯಿ ನಮ್ಮ ಅವ್ವನ್ನ ಸಹಿಸಿಕೊಂಡಾಳ.' ಮತ್ತ ಅದರ ಬಾಜೂಕ 'ನಮ್ಮ ಅವ್ವ ನಮ್ಮ ಆಯಿನ್ನ ಸಹಿಸಿಕೊಂಡಾಳ.' ಇದರಾಗ ಯಾವುದು ಖರೇ ಉಸ್ತಾದ್ರೇ?"

"ಎರಡೂ. ಹೋಗಿ ಕೇಳಿ ಬಂದೇನಿ," ಎಂದರು ಮಾಸ್ತರರು.

ಸಿಪಾಯಿಗಳು ಕಿಸಕ್ಕನೆ ನಕ್ಕರು. ಅಮೀನನೂ ನಕ್ಕ. "'ಕಚೇರಿ ಗ್ವಾಡಿಗಿ ಹುಕುಂ ಹಚ್ಯಾರ, ಯಾರೂ ಓದಾಂಗಿಲ್ಲ.' ಇದು ಯಾವ ಬದ್ಮಾಷಂದು?"

ಐದನೆಯದನ್ನು ಅವನು ಗಟ್ಟಿಯಾಗಿ ಓದಲಿಲ್ಲ.

ಬೂಟಿನ ಸಪ್ಪಳ ನಿಂತಿತ್ತು. ಒಳಗೆ ಆರನೆಯ ತರಗತಿಯವರು ಮಗ್ಗಿ ಹೇಳುತ್ತಿದ್ದರು. ಅವನು ಹಾಳೆಯ ಮೇಲೆ ಬೆರಳಿಟ್ಟು, ಹೆಸರಿನವರೆಗೆ ಎಳೆದ.

"ಈ ಶರಣಮ್ಮ... ಜ್ವರ ಬಂದಾಕೀನಾ?"

"ಹೆಸರು ಅಕೀದು. ವಾಕ್ಯ ನಂದು," ಎಂದರು ಮಾಸ್ತರರು.

"ನಿಮ್ಮ ಒಂದ ಖೋಲಿ ಮನ್ಯಾಗ ದನದ ಕೊಟಗಿ ಎಲ್ಲಿಂದ ಬಂತ್ರಿ?"

"ಕೊಟಗಿ ಇಲ್ಲ. ಅದಕ್ಕ ಸುಳ್ಳ ವಾಕ್ಯ ಅದು. ಐದನೇ ಅರ್ಥಕ್ಕ ಖರೇದು ಸಿಗಲಿಲ್ಲ. ಹುಟ್ಟಿಸಿ, ಹುಡುಗಿ ಹೆಸರ ಹಾಕಿಸ್ದೆ."

"ನೀವು? ಸುಳ್ಳ ವಾಕ್ಯ?" ಅಮೀನ ಅವರ ಮುಖಕ್ಕೆ ಮುಖ ತಂದ. "ಅಕ್ಷರ ಯಾರ್ದು?"

"ಇಂವಂದು. ನಾ ಹೇಳ್ದೆ, ಇಂವ ಬರದ."

"ನೀವ ಸುಮ್ಮನಿರ್ರಿ. ಇಂವ ಹೇಳ್ಲಿ."

ಅವನು ನನ್ನ ಕಡೆ ತಿರುಗಿದ. ನನ್ನ ನಾಲಿಗೆ ಏಳುವುದಿಲ್ಲವೆಂದುಕೊಂಡಿದ್ದೆ. ಆದರೆ ನನ್ನ ದನಿ ಎಲ್ಲಿಂದಲೋ, ಸಲೀಸಾಗಿ ಹೊರಗೆ ಬಂತು: "ಹೌದ್ರಿ ಸಾಹೇಬ್ರ. ಬುಧವಾರ ಊರಿಗಿ ಹೋಗೂವಾಗ ಹೇಳಿ ಹೋಗಿದ್ರು. ಹಂಗ ಬರದೇನ್ರಿ." ಆ ದಿನದ ನನ್ನ ಹೆದರಿಕೆಗಳಲ್ಲಿ ಇದೂ ಒಂದು, ಅಷ್ಟು ಸಲೀಸಾಗಿ ಬಂದದ್ದು.

ಅಮೀನ ಇನ್ನೊಮ್ಮೆ ಹಾಳೆಯ ಕಡೆ ನೋಡಿದ. ಆಮೇಲೆ ಸಿಪಾಯಿಗಳಿಗೆ ಶರಣಮ್ಮನ ತಂದೆಯ ಹೆಸರು ಹೇಳಿ, "ಹೊಲಕ್ಕ ಹೋಗ್ರಿ. ಕೊಟಗಿ ನೋಡ್ಕೊಂಡ ಬರ್ರಿ" ಎಂದ. ಅವರು ಬಂದೂಕು ಹೆಗಲಿಗೇರಿಸಿ ಹೊರಟರು.

"ಖರೇ ಇತ್ತಂದ್ರ ಏನಾಗ್ತದ ನಿಮಗ ಗೊತ್ತದ. ಸುಳ್ಳ ಇತ್ತಂದ್ರ..." ಅವನು ಅಂಗಳದ ಕಡೆ ಕೈ ತೋರಿಸಿದ. ದನಿ ಮೆತ್ತಗಿತ್ತು. "ಸುಳ್ಳ ಬರದವಗ ನೆರಳಿಲ್ಲ. ನೀವ ಹೇಳಿದ್ದು. ರುಮಾಲ ತಗೀರಿ ಉಸ್ತಾದ್ರೇ."

ಮಾಸ್ತರರು ರುಮಾಲು ಬಿಚ್ಚಿ ನನ್ನ ಕೈಯಲ್ಲಿಟ್ಟು, ಮೆಟ್ಟಿಲಿಳಿದು, ಅಂಗಳದ ನಡುವೆ ಹೋಗಿ ನಿಂತರು. ಅವರ ಬರಿದಲೆಯನ್ನು ನಾವು ಯಾರೂ ನೋಡಿರಲಿಲ್ಲ. ಹಣೆಯ ಮೇಲ್ಭಾಗ ಬಿಸಿಲು ಕಾಣದೆ ಬೆಳ್ಳಗಿತ್ತು. ಮಗ್ಗಿ ನಿಂತು ಹೋಯಿತು. ಕಿಟಕಿ ತುಂಬ ಹುಡುಗರ ಮುಖ.

"ನೋಡ್ರಲೇ," ಅಮೀನ ಕೂಗಿ ಹೇಳಿದ, "ನಿಮ್ಮ ಉಸ್ತಾದ ಸುಳ್ಳ ವಾಕ್ಯ ಬರದಾರ!"

ಒಬ್ಬ ಹುಡುಗ ನಕ್ಕ. ಅವನು ನಕ್ಕದ್ದು ಹೆದರಿ ಇರಬಹುದು. ಆ ಹುಡುಗರಲ್ಲಿ ಬಹಳ ಜನ ಇವತ್ತಿಗೂ ಮಾಸ್ತರರು ಒಂದು ಸಲ ಸುಳ್ಳು ಬರೆದು ಸಿಕ್ಕಿಬಿದ್ದರೆಂದೇ ನಂಬಿದ್ದಾರೆ. ಸರ್ಕಾರ ಬದಲಾದ ಮೇಲೆ ನಿಜ ಹೇಳಿಬಿಡುತ್ತೇನೆಂದು ನಾನು ಹೊರಟಾಗ, ಅವರು ತಡೆದರು. "ಸುಳ್ಳ ಹೇಳಿದ್ದು ಖರೇನ ಅದ. ಅದನ್ನ ಯಾಕ ಅಳಸ್ತಿ?" ಎಂದರು.

ಒಂದು ತಾಸು, ಮತ್ತೂ ಮೇಲೆ. ಅಮೀನ ಕುರ್ಚಿಯನ್ನು ತಿರುಗಿಸಿಕೊಂಡು ಅವರನ್ನೇ ನೋಡುತ್ತ ಕುಳಿತಿದ್ದ. ಅವರು ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕುತ್ತಿದ್ದರು, ಮತ್ತೆ ಸರಿಯಾಗಿ ನಿಲ್ಲುತ್ತಿದ್ದರು. ನನ್ನ ಕಣ್ಣು ಬಾಗಿಲ ಮೇಲೆ. ಹುಡುಗಿಗೆ ಮುಳ್ಳು ಚುಚ್ಚಿ ದಾರಿಯಲ್ಲೇ ಕುಳಿತಿದ್ದರೆ? ತಂದೆ ಮನೆಯಲ್ಲಿ ಇರದಿದ್ದರೆ? ಆ ಮೂವರು ಮಲಗಿದ್ದು, ಏಳಲು ತಡವಾದರೆ? ಈ ಮೂರು ಪ್ರಶ್ನೆಗಳನ್ನು ನಾನು ಎರಡು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ಗೊತ್ತಿದ್ದೂ ಕೇಳಿಕೊಳ್ಳುತ್ತೇನೆ.

ಸಿಪಾಯಿಗಳು ಬರಿಗೈಯಲ್ಲಿ ಬಂದರು.

"ಎರಡು ಎತ್ತು, ಒಂದು ಕರಾ ಅದಾವ್ರಿ ಸಾಹೇಬ್ರ. ಮತ್ತೇನಿಲ್ಲ," ಎಂದ ಒಬ್ಬ. ಇನ್ನೊಬ್ಬ ತಲೆ ಕೆರೆದುಕೊಂಡು, "ಹುಲ್ಲು ಒಂದೀಟು ಮೆತ್ತಗಾಗಿತ್ತು, ಮಂದಿ ಮಲಗಿದ್ಹಂಗ" ಎಂದ.

ಅಮೀನ ಅವನನ್ನು ಬಹಳ ಹೊತ್ತು ನೋಡಿದ. "ದನಾನೂ ಮಲಗತಾವಲೇ," ಎಂದ.

ಎದ್ದು, ಹಾಳೆಯ ಮೂಲೆಗೆ ಉಗುರು ಹಾಕಿ ಎಳೆದ. ಸುಣ್ಣದ ಸಮೇತ ಕಿತ್ತು ಬಂತು. ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡ. ಅಂಗಳದಲ್ಲಿ ಮಾಸ್ತರರ ಹತ್ತಿರ ನಿಂತು, "ಕೂಡ್ರಿ ಉಸ್ತಾದ್ರೇ" ಎಂದು ಹೇಳಿ ಹೋದ. ಅವನಿಗೆ ತಿಳಿದಿತ್ತೋ, ತಿಳಿದೂ ಬಿಟ್ಟನೋ, ಇನ್ನೊಂದು ದಿನಕ್ಕೆಂದು ಇಟ್ಟುಕೊಂಡನೋ, ನನಗೆ ಗೊತ್ತಾಗಲೇ ಇಲ್ಲ. ಅವನು ವರ್ಗವಾಗಿ ಹೋಗುವವರೆಗೂ ಆ ಹಾಳೆ ಅವನ ಜೇಬಿನಲ್ಲಿದೆ ಎಂದುಕೊಂಡೇ ನಾನು ಬದುಕಿದೆ.

ಮಾಸ್ತರರು ಕೂಡಲಿಲ್ಲ. ನಾನು ರುಮಾಲು ಹಿಡಿದು ಓಡಿ ಹೋದೆ. ತುಟಿ ಒಣಗಿ ಬಿರಿದಿದ್ದವು.

"ಹುಡುಗಿ ಮನಿ ಮುಟ್ಯಾಳೇನು?"

"ಮುಟ್ಯಾಳ್ರಿ."

"ನೀ ನೋಡಿದೇನು?"

"ಇಲ್ರಿ. ಸಿಪಾಯಿಗಳಿಗೆ ಯಾರೂ ಸಿಕ್ಕಿಲ್ಲಂದ್ರ..."

"ಹೋಗಿ ನೋಡಿ ಬಾ."

ರುಮಾಲು ಕೈಯಲ್ಲಿ ಹಿಡಿದೇ ನಡೆದೆ. ದಾರಿಯ ಎರಡೂ ಕಡೆ ತೊಗರಿ ಹೂ ಬಿಟ್ಟು ಆಳೆತ್ತರ ನಿಂತಿತ್ತು. ಗಾಳಿಗೆ ಅಲುಗಿದರೂ ಯಾರೋ ಇದ್ದಾರೆಂದು ನಿಂತು ನೋಡುತ್ತಿದ್ದೆ. ಆ ಮೂವರು ಆ ತೊಗರಿಯೊಳಗಿಂದಲೇ ಹೊಳೆಯ ಕಡೆ ಹೋದರೆಂದು, ಮಣ್ಣೂರಿನ ಹತ್ತಿರ ದಾಟಿದರೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ಹೊಲದ ಮನೆಯ ಮುಂದೆ ಶರಣಮ್ಮನ ತಂದೆ ಹಗ್ಗ ಹೊಸೆಯುತ್ತ ಕುಳಿತಿದ್ದ. ಹಗ್ಗ ಎಲ್ಲೆಲ್ಲೋ ಗಂಟು ಬಿದ್ದಿತ್ತು.

"ಬರ್ರಿ ಮಾಸ್ತರ್ರ. ನೀರು ಕುಡೀರಿ," ಎಂದ. ನಾನು ಕೇಳುವ ಮೊದಲೇ, ನನ್ನ ಮುಖ ನೋಡದೆ, "ನಮ್ಮಲ್ಲಿ ಯಾರೂ ಬಂದಿದ್ದಿಲ್ರಿ" ಎಂದ.

ಶರಣಮ್ಮ ಕಟ್ಟೆಯ ಮೇಲೆ ಇದ್ದಳು. ತಾಯಿ ಆಕೆಯ ಅಂಗಾಲಿನಿಂದ ಮುಳ್ಳು ತೆಗೆಯುತ್ತಿದ್ದಳು. ನನ್ನನ್ನು ಕಂಡು ಹುಡುಗಿ, ತರಗತಿಯಲ್ಲಿ ಏಳುವ ಹಾಗೆ, ಒಂದೇ ಕಾಲಿನ ಮೇಲೆ ಎದ್ದು ನಿಂತಳು. ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

"ಅವರು ಹೋದ್ರೇನವ್ವಾ?"

ಆಕೆ ನೇರವಾಗಿ ನನ್ನ ಕಣ್ಣು ನೋಡಿದಳು. ದನಿ ಒಂದಿಷ್ಟೂ ಅಲುಗಲಿಲ್ಲ.

"ಯಾರ್ರಿ ಸರ್? ನಮ್ಮ ಮನೀಗಿ ಯಾರೂ ಬಂದಿಲ್ಲ."

ನಾನು ತಿರುಗಿ ಬರುವ ಹೊತ್ತಿಗೆ ಶಾಲೆ ಬಿಟ್ಟಿತ್ತು. ಅಂಗಳದಲ್ಲಿ ಅವರೊಬ್ಬರೇ ನಿಂತಿದ್ದರು.

"ಮುಟ್ಯಾಳ್ರಿ. ನಾ ನೋಡಿದೆ," ಎಂದೆ.

"ಏನಂದ್ಳು?"

ಆಕೆ ಹೇಳಿದ್ದನ್ನು, ಹೇಳಿದ ಹಾಗೆಯೇ ಹೇಳಿದೆ. ಅವರು ರುಮಾಲಿಗೆ ಕೈ ಚಾಚಿದರು. ಸುತ್ತಿಕೊಳ್ಳತೊಡಗಿದರು. ನಾನು ಒಂದು ತುದಿ ಹಿಡಿದುಕೊಂಡೆ.

"ಕಲ್ತಳು," ಎಂದರು.

ಎಷ್ಟೋ ಮಕ್ಕಳ ಬಗ್ಗೆ ಅವರು ಆ ಮಾತು ಹೇಳಿದ್ದನ್ನು ಕೇಳಿದ್ದೇನೆ. ಅಷ್ಟು ಹೆದರಿದ ದನಿಯಲ್ಲಿ ಕೇಳಿದ್ದು ಅದೊಂದೇ ಸಲ.